ಎರಡು ಜಾವದ ದೂರ

ನಮ್ಮೂರಿಗೂ ಆಚೆಯೂರಿಗೂ ನಡುವೆ ಅರವತ್ತು ಗಾವುದ ದೂರ. ವಿಮಾನಕ್ಕೆ ಎರಡು ಜಾವದ ಹಾರಾಟ. ಹಗಲಿಗೆ ಇರುವುದೇ ನಾಲ್ಕು ಜಾವ, ಹಾಗಾಗಿ ಸೂರ್ಯ ಹುಟ್ಟುವಾಗ ಹೊರಟವರು ಸೂರ್ಯ ನೆತ್ತಿಗೆ ಬರುವಾಗ ಅಲ್ಲಿರುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿಲ್ಲದ್ದು ಇನ್ನೊಂದಿದೆ, ಅದನ್ನು ಹೇಳುತ್ತೇನೆ, ಕೂತುಕೊಳ್ಳಿ. ಕೂತುಕೊಳ್ಳಿ ಅಂದದ್ದು ಸುಮ್ಮನೆ ಮಾತಿಗೆ. ನಮ್ಮೂರಲ್ಲಿ ಕೂರುವುದೆಂದರೆ ಅಷ್ಟು ಹಗುರದ ಕೆಲಸವಲ್ಲ.

ನಮ್ಮ ವಿಮಾನದಲ್ಲಿ ಒಬ್ಬರಿಗೇ ಜಾಗ. ಬಿದಿರಿನ ಮೈ, ಹತ್ತಿಬಟ್ಟೆಯ ರೆಕ್ಕೆ, ನಡೆಸುವವರು ಯಾರೂ ಇಲ್ಲ. ಹತ್ತಿದವರು ಕಣ್ಣು ಮುಚ್ಚುತ್ತಾರೆ, ತೆರೆದರೆ ಆಚೆಯೂರು. ಹಾರುವವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಾಗಂತ ಹೊತ್ತು ಇಲ್ಲವಾಗುತ್ತದೆಯೆ? ಎರಡು ಜಾವ ಎಂದರೆ ಎರಡು ಜಾವ, ಅದನ್ನು ಯಾರಾದರೂ ಕಳೆಯಲೇಬೇಕು. ಅದಕ್ಕೇ ಹಾರುಬಯಲಿನ ಅಂಚಿನಲ್ಲಿ ಉದ್ದನೆಯ ಒಂದು ಕಲ್ಲುಕಟ್ಟೆ ಇದೆ, ಆಚೆಯೂರಿನಲ್ಲೂ ಇಂಥದ್ದೇ ಒಂದಿದೆ. ಹೋಗುವವರ ಕಡೆಯವರು ಒಬ್ಬರು ಆ ಕಲ್ಲಿನ ಮೇಲೆ ಬಲಗೈ ಇಟ್ಟು, "ನಿನ್ನ ಹೊತ್ತು ನನಗಿರಲಿ" ಅನ್ನಬೇಕು. ಅಂದಮೇಲೆ ಕೂರಬೇಕು. ಅತ್ತ ವಿಮಾನ ಇಳಿದ ಕೂಡಲೇ ಇತ್ತ ನಮ್ಮ ಹುಣಸೆಮರಕ್ಕೆ ತೂಗುಹಾಕಿದ ಗಂಟೆ ತನ್ನಷ್ಟಕ್ಕೆ ಒಂದು ಸಲ ಬಾರಿಸುತ್ತದೆ. ಅಲ್ಲಿಯವರೆಗೆ ಏಳುವಂತಿಲ್ಲ.

ಏಳಬಾರದು, ಎದ್ದರೆ ವಿಮಾನ ಬೀಳುತ್ತದೆ ಎಂದು ಹಿರಿಯರು ಹೇಳಿದ್ದರು. ಒಬ್ಬರೇ ಕೂರಬೇಕು, ಇಬ್ಬರು ಕೂರಬಾರದು ಎಂದೂ ಹೇಳಿದ್ದರು. ಮೊದಲನೆಯದಕ್ಕೆ ಕಾರಣ ಕೊಟ್ಟಿದ್ದರು, ಎರಡನೆಯದಕ್ಕೆ ಕೊಟ್ಟಿರಲಿಲ್ಲ. ಕಾರಣ ಕೊಡದ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

ನಾನು ಆ ಕಟ್ಟೆಯ ಹತ್ತಿರ ಮಜ್ಜಿಗೆ ಮಾರುವವಳು. ಕೂತವರು ಏಳುವಂತಿಲ್ಲವಲ್ಲ, ಅವರ ಕೈಗೇ ಲೋಟ ಕೊಡುತ್ತೇನೆ. ಹೀಗೆ ಕೊಡುತ್ತ ಕೊಡುತ್ತ ಊರಿನ ಎಲ್ಲರ ಕಾಯುವ ಮುಖವನ್ನೂ ನೋಡಿದ್ದೇನೆ. ಮಗಳನ್ನು ಕಳಿಸಿ ಕೂತ ಅಪ್ಪಂದಿರು ಮಜ್ಜಿಗೆಗೆ ಉಪ್ಪು ಹಾಕಿದೆಯೋ ಇಲ್ಲವೋ ನೋಡುವುದಿಲ್ಲ. ಗಂಡನನ್ನು ಕಳಿಸಿ ಕೂತ ಹೆಂಗಸರಲ್ಲಿ ಅರ್ಧ ಜನ ಅಳುತ್ತಾರೆ, ಇನ್ನರ್ಧ ಜನ ಹಾಯಾಗಿ ತೂಕಡಿಸುತ್ತಾರೆ. ಹುಣಸೆಮರದ ಕೆಳಗೆ ಗಂಟೆಯವನು ಎಂಬ ಮುದುಕ ಕೂತಿರುತ್ತಾನೆ. ಗಂಟೆ ಬಾರಿಸಿದಾಗ ಊರಿಗೆಲ್ಲ ಕೇಳುವ ಹಾಗೆ "ತಲುಪಿದರು" ಎಂದು ಕೂಗುವುದಷ್ಟೇ ಅವನ ಕೆಲಸ.

ಇನ್ನು ಕೂರುವವನ ವಿಷಯ. ಯಾರೂ ಇಲ್ಲದವರಿಗೆ ಅವನು ಕೂರುತ್ತಿದ್ದ. ದಾರಿಹೋಕರು, ಮನೆಯವರ ಜೊತೆ ಜಗಳ ಮಾಡಿಕೊಂಡು ಹೊರಟವರು, ಹಿಂದೆ ಮುಂದೆ ಯಾರಿಲ್ಲದ ಮುದುಕಿಯರು, ಎಲ್ಲರಿಗೂ ಅವನೇ. ಮೂವತ್ತು ವರ್ಷ ಕೂತ. ಕಟ್ಟೆಯ ತುದಿಯಲ್ಲಿ ಅವನು ಕೂರುವ ಜಾಗ ನುಣುಪಾಗಿ ಕನ್ನಡಿಯಂತಾಗಿತ್ತು. ಅದಕ್ಕೆ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ವಾಪಸು ಬಂದಾಗ ಆಚೆಯೂರಿನದು ಒಂದು ಸಂಗತಿ ಹೇಳಬೇಕು, ಅಷ್ಟೇ" ಅನ್ನುತ್ತಿದ್ದ. ಬಂದವರು ಹೇಳುತ್ತಿದ್ದರು. ಅಲ್ಲಿನ ಕೆರೆಗೆ ಎಷ್ಟು ಮೆಟ್ಟಿಲು, ಬಾಗಿಲಿಗೆ ಯಾವ ಬಣ್ಣ, ಮಾವಿನಕಾಯಿ ಉಪ್ಪಿನಕಾಯಿಗೆ ಮೆಂತ್ಯ ಹಾಕುತ್ತಾರೋ ಇಲ್ಲವೋ. ಕಾಲಿಡದ ಊರು ಅವನಿಗೆ ಮನೆಯ ಹಿತ್ತಲಿನಷ್ಟು ಗೊತ್ತಿತ್ತು.

ಆ ಊರಿನ ಮೇಲೆ ಅಷ್ಟು ಆಸೆ ಯಾಕೆಂದರೆ ಅವನ ಅಕ್ಕ ಅಲ್ಲಿದ್ದಳು. ತಾಯಿತಂದೆ ಇಲ್ಲದ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಮದುವೆಯಾಗಿ ಆಚೆಯೂರಿಗೆ ಹೊರಟಾಗ ಅವನು ಮೊಟ್ಟಮೊದಲ ಸಲ ಕಟ್ಟೆಯ ಮೇಲೆ ಕೈಯಿಟ್ಟದ್ದು. ಎರಡು ಜಾವವೂ ಅತ್ತುಕೊಂಡೇ ಕೂತಿದ್ದನಂತೆ. ಆಮೇಲೆ ಅವಳಿಗೆ ಅತ್ತೆಯ ಆರೈಕೆ, ದನಕರು, ಗಂಡನ ಕಾಯಿಲೆ. ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಅನ್ನುವುದರಲ್ಲೇ ಮೂವತ್ತು ವರ್ಷ ಆಯಿತು. ಇವನನ್ನು ಕೇಳಿದರೆ, "ನಾನು ಹೋದರೆ ಯಾರಿಲ್ಲದವರಿಗೆ ಯಾರು ಕೂರ್ತಾರೆ" ಅನ್ನುತ್ತಿದ್ದ. ಅದು ನೆಪ. ತನಗಾಗಿ ಕೂರು ಎಂದು ಇನ್ನೊಬ್ಬರನ್ನು ಕೇಳುವುದಕ್ಕೆ ಅವನಿಗೆ ಬಾಯಿ ಬರುತ್ತಿರಲಿಲ್ಲ, ನಿಜವಾದ ಸಂಗತಿ ಅದು.

ಒಂದು ಮಧ್ಯಾಹ್ನ ಆಚೆಯೂರಿನಿಂದ ಬಳೆಗಾರ ಬಂದಿಳಿದ. ನೇರವಾಗಿ ಕೂರುವವನ ಮುಂದೆ ಬಂದು ನಿಂತ.

"ನಿನ್ನ ಅಕ್ಕ ಹೇಳಿ ಕಳಿಸಿದ್ದಾರೆ" ಅಂದ. "ಕಣ್ಣಿನ ಬೆಳಕು ಇಳೀತಾ ಬಂದಿದೆ. ನಾಳೆ ಸೂರ್ಯ ಮುಳುಗೋ ತನಕ ಕಾಣಿಸುತ್ತೆ, ಆಮೇಲೆ ಇಲ್ಲ ಅಂತ ವೈದ್ಯರು ಹೇಳಿದ್ದಾರಂತೆ. ಅಷ್ಟರೊಳಗೆ ಒಂದು ಸಲ ನಿನ್ನ ಮುಖ ನೋಡಬೇಕಂತೆ."

ಹೇಳಿ ಬಳೆಗಾರ ತನ್ನ ಪಾಡಿಗೆ ಹೋದ. ಕೂರುವವನು ಯಾರಿಗೂ ಕೂತಿರಲಿಲ್ಲ, ಆದರೂ ಕೂತೇ ಇದ್ದ. ನಾನು ಲೋಟ ಕೊಟ್ಟೆ. ಹಿಡಿದುಕೊಂಡ, ಕುಡಿಯಲಿಲ್ಲ.

"ಹೋಗಲ್ವಾ?" ಅಂದೆ.

"ಕೂರೋರು ಯಾರು?"

"ಯಾರಿಗೆ?"

"ನನಗೆ."

ಮಜ್ಜಿಗೆಯ ಗಡಿಗೆಯನ್ನು ಅವನ ತಲೆಯ ಮೇಲೆ ಬಗ್ಗಿಸಿಬಿಡೋಣ ಅನ್ನಿಸಿತು. "ಮೂವತ್ತು ವರ್ಷ ಊರಿಗೆಲ್ಲ ಕೂತವನು ನೀನು. ನಿನಗೆ ಕೂರೋಕೆ ಒಂದು ನರಪಿಳ್ಳೆ ಇಲ್ವಾ? ನಾನು ಕೂರ್ತೀನಿ ಕಣಯ್ಯ."

"ನಿನ್ನ ಮಜ್ಜಿಗೆ?"

"ಹುಳಿಯಾಗಲಿ."

ಅವನು ನಕ್ಕ. "ಎರಡು ಜಾವ ಬಾಯಿ ಮುಚ್ಚಿಕೊಂಡು ಕೂರೋದು ನಿನ್ನ ಕೈಲಾಗುತ್ತಾ?"

"ಕೂರಬೇಕು ಅಂತ ಇದೆ. ಬಾಯಿ ಮುಚ್ಚಬೇಕು ಅಂತ ಎಲ್ಲಿದೆ?"

ಆಮೇಲೆ ಮಜ್ಜಿಗೆ ಕುಡಿದ. ಹೇಳಿಯೇಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನಾಗಬೇಕು: ನನಗೆ ಅವನನ್ನು ಕಂಡರೆ ಪ್ರೀತಿ. ಇಪ್ಪತ್ತು ವರ್ಷದಿಂದ ದಿನಕ್ಕೆರಡು ಲೋಟ ಕೊಟ್ಟಿದ್ದೇನೆ, ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನಾದರೂ ಕೇಳಬೇಡವೆ? ಕೇಳುವುದು ಅವನ ಜಾಯಮಾನದಲ್ಲೇ ಇಲ್ಲ ಎಂದು ಈಗಷ್ಟೇ ಹೇಳಿದೆನಲ್ಲ. ಹಾಗಾಗಿ ಅವನಿಗಾಗಿ ಕೂರುವ ಭಾಗ್ಯ ನನ್ನದಾಯಿತು ಎಂದು ಮನಸ್ಸು ಹಿಗ್ಗಿ ಹೀರೇಕಾಯಿಯಾಗಿತ್ತು. ಆ ಹಿಗ್ಗಿನಲ್ಲಿ ಊರೆಲ್ಲ ಸುತ್ತಿ ಸುದ್ದಿ ಹೇಳಿದೆ.

ಅಲ್ಲೇ ನಾನು ಕೆಟ್ಟದ್ದು. ನೇಯುವವಳು ಮಗ್ಗದಿಂದ ಇಳಿದು ಬಂದು, "ನೀನೊಬ್ಬಳೇ ಯಾಕೆ ಕೂರಬೇಕು?" ಎಂದು ಸೊಂಟಕ್ಕೆ ಕೈಯಿಟ್ಟಳು. "ನಾನು ಹೆರಿಗೆಗೆ ಹೋಗುವಾಗ ನನಗೆ ಕೂತಿದ್ದು ಅವನು. ನಾನೂ ಕೂರ್ತೀನಿ." ಕುಂಬಾರನೂ ಹಾಗೇ ಅಂದ. ಊರ ಸೂಲಗಿತ್ತಿಯೂ ಹಾಗೇ ಅಂದಳು. ಅವನು ಯಾರಿಗೆ ತಾನೆ ಕೂತಿರಲಿಲ್ಲ? ನನಗೂ ಸರಿ ಅನ್ನಿಸಿತು. "ಒಬ್ಬಳು ಕೂತರೇ ಅವನು ನೆಮ್ಮದಿಯಾಗಿ ಹೋಗುತ್ತಾನೆ, ನಲವತ್ತು ಜನ ಕೂತರೆ ಹೂವಿನ ಹಾಗೆ ಹೋಗುತ್ತಾನೆ" ಅಂದವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವನಿಗೆ ಗೊತ್ತಾದರೆ ಬೇಡ ಅನ್ನುತ್ತಾನೆಂದು ಎಲ್ಲರೂ ಹುಣಸೆಮರದ ಹಿಂದೆ ಅಡಗಿಕೊಳ್ಳುವುದು ಎಂದಾಯಿತು.

ಮರುದಿನ ಸೂರ್ಯ ಮಾರುದ್ದ ಏರಿದ ಮೇಲೆ ಅವನು ಬಂದ. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು, ಕೈಯಲ್ಲಿ ಅಕ್ಕನಿಗೆಂದು ಎಳೆಯ ಹುಣಸೇಕಾಯಿಯ ಗಂಟು. ಮದುವೆ ಗಂಡಿನ ಹಾಗಿದ್ದೀಯ ಎಂದು ರೇಗಿಸಿದೆ. ಅವನು, "ಏನಾದರೂ ತಿಂದಿದ್ದೀಯಾ? ಬರೀ ಹೊಟ್ಟೆಯಲ್ಲಿ ಕೂತರೆ ತಲೆ ಸುತ್ತುತ್ತೆ" ಅಂದ. ತನ್ನ ಅಕ್ಕನನ್ನು ಮೂವತ್ತು ವರ್ಷದ ಮೇಲೆ ನೋಡಲು ಹೊರಟವನಿಗೆ ನನ್ನ ಹೊಟ್ಟೆಯ ಚಿಂತೆ. ನಾನು ಕಲ್ಲಿನ ಮೇಲೆ ಬಲಗೈ ಇಟ್ಟು, "ನಿನ್ನ ಹೊತ್ತು ನನಗಿರಲಿ" ಅಂದು ಕೂತೆ. ಅವನು ವಿಮಾನದಲ್ಲಿ ಕಣ್ಣು ಮುಚ್ಚಿದ. ವಿಮಾನ ಎದ್ದಿತು.

ಎದ್ದದ್ದೇ ತಡ, ಮರದ ಹಿಂದಿನವರೆಲ್ಲ ಓಡಿ ಬಂದರು. ನೇಯುವವಳು ಕಲ್ಲು ಮುಟ್ಟಿ, ನಿನ್ನ ಹೊತ್ತು ನನಗಿರಲಿ ಅಂದು ಕೂತಳು. ಕುಂಬಾರ ಕಲ್ಲು ಮುಟ್ಟಿ ಕೂತ. ಸೂಲಗಿತ್ತಿ ಕಲ್ಲು ಮುಟ್ಟಿ ಕೂತಳು. ಕಟ್ಟೆ ತುಂಬಿತು, ಉಳಿದವರು ಕಲ್ಲು ಮುಟ್ಟಿ ನೆಲದ ಮೇಲೆ ಕೂತರು. ಗಂಟೆಯವನೂ ಕೋಲೂರಿಕೊಂಡು ಬಂದು ಕೂತ. ನಲವತ್ತು ಜನ, ನಲವತ್ತು ಕೈ, ನಲವತ್ತು ಸಲ ಅದೇ ಮಾತು. ಕೇಳುತ್ತ ನನಗೆ ಕಣ್ಣು ತುಂಬಿ ಬಂತು.

ಸೂರ್ಯ ನೆತ್ತಿಗೆ ಬಂದ. ಗಂಟೆ ಬಾರಿಸಲಿಲ್ಲ.

ಸ್ವಲ್ಪ ತಡವಾಗಿರಬೇಕು ಅಂದುಕೊಂಡೆವು. ಇನ್ನೂ ಸ್ವಲ್ಪ ಹೊತ್ತಾಯಿತು. ಆಗ ಕುಂಬಾರ ಕತ್ತೆತ್ತಿ, "ಅದೇನದು?" ಅಂದ. ನಮ್ಮದೇ ಕೆರೆಯ ಮೇಲೆ, ಊರು ದಾಟದೆ, ವಿಮಾನ ನಿಂತ ಹಾಗೆ ನಿಂತಿತ್ತು. ಅದರ ನೆರಳು ನೀರಿನ ಮೇಲೆ ಮಜ್ಜಿಗೆಯಲ್ಲಿ ಬಿದ್ದ ನೊಣದಷ್ಟು ಕಪ್ಪಗೆ ಕಾಣುತ್ತಿತ್ತು. ನೋಡುತ್ತಲೇ ಇದ್ದೆವು, ಬಹಳ ಹೊತ್ತಿಗೆ ಒಂದು ಗೇಣು ಸರಿಯಿತು.

"ಪ್ರೀತಿ ಸಾಲದಾಗಿದೆ" ಅಂದೆ. ಹೌದು, ನಾನೇ ಅಂದದ್ದು. "ಇನ್ನೂ ಜನ ಬೇಕು. ಎಲ್ಲರನ್ನೂ ಕರೀರಿ."

ನಾವು ಏಳುವಂತಿಲ್ಲವಲ್ಲ, ಕೂತಲ್ಲಿಂದಲೇ ಕೂಗಿ ಕರೆದೆವು. ಒಲೆಯ ಮುಂದಿದ್ದವರು ಬಂದರು, ಹೊಲದಲ್ಲಿದ್ದವರು ಬಂದರು, ಜಗಳವಾಡುತ್ತಿದ್ದವರು ಜಗಳ ಬಿಟ್ಟು ಬಂದರು. ಕಲ್ಲು ಮುಟ್ಟಿದರು, ಕೂತರು. ನಲವತ್ತು ನೂರಾಯಿತು, ನೂರು ನೂರಮೂವತ್ತಾಯಿತು. ಕೂತವರ ಸಂಖ್ಯೆ ಏರುತ್ತಿದ್ದಂತೆ ನೆರಳು ಕೆರೆಯ ನಡುವಿನಿಂದ ಹಿಂದೆ ಹಿಂದೆ ಸರಿದು ಈಚೆ ದಡಕ್ಕೆ ಬಂತು. ವಿಮಾನ ನಮ್ಮ ಕಡೆಗೇ ವಾಪಸು ಬರುತ್ತಿತ್ತು. ಊರಿಗೆ ಊರೇ ಕೂತು ಒಬ್ಬ ಮನುಷ್ಯನನ್ನು ಮುಂದೆ ತಳ್ಳಲಾಗುತ್ತಿರಲಿಲ್ಲ. ಸೂಲಗಿತ್ತಿ ಕಣ್ಣುಮುಚ್ಚಿ ಇನ್ನಷ್ಟು ಬಿಗಿಯಾಗಿ ಕೂತಳು, ಬಿಗಿಯಾಗಿ ಕೂತರೆ ಏನಾದರೂ ಆದೀತೇನೋ ಎಂದು.

ಮೂರನೆಯ ಜಾವ ಅರ್ಧ ಕಳೆದಿತ್ತು. ಆಗ ಗಂಟೆಯವನು ನನ್ನ ಕಡೆಗೆ ಬಾಗಿ, ಯಾರಿಗೂ ಕೇಳಿಸದ ಹಾಗೆ, "ತಾಯೀ, ಒಂದಕ್ಕೆ ಹೋಗಬೇಕು" ಅಂದ.

"ಈಗಲಾ?"

"ಬೆಳಿಗ್ಗೆಯಿಂದ ತಡೆದಿದ್ದೀನಿ. ಇನ್ನು ನನ್ನ ಕೈಲಾಗಲ್ಲ."

"ಎದ್ದರೆ ಬೀಳ್ತಾನಲ್ಲಪ್ಪ."

ಮುದುಕನ ಕಣ್ಣಲ್ಲಿ ನೀರು ಬಂತು. ಮಾನ ಒಂದು ಕಡೆ, ಮನುಷ್ಯನ ಪ್ರಾಣ ಒಂದು ಕಡೆ. ತಡೆದ, ತಡೆದ, ಕೊನೆಗೆ ತಡೆಯಲಾರದೆ ಎದ್ದೇಬಿಟ್ಟ. ನಾವೆಲ್ಲ ಕೆರೆಯ ಕಡೆ ನೋಡಿದೆವು. ವಿಮಾನ ಬೀಳಲಿಲ್ಲ. ನೆರಳು ಟಣ್ಣನೆ ಒಂದು ಮಾರು ಮುಂದಕ್ಕೆ ಹಾರಿತು.

ಮರದ ಹಿಂದಿನಿಂದ ಹಗುರವಾಗಿ ಹಿಂತಿರುಗಿದ ಮುದುಕ ತಪ್ಪು ತಿದ್ದಿಕೊಳ್ಳಲೆಂದು ಮತ್ತೆ ಕಲ್ಲು ಮುಟ್ಟಿ ಕೂತ. ನೆರಳು ಒಂದು ಮಾರು ಹಿಂದಕ್ಕೆ ಬಂತು. "ಏಳು" ಅಂದೆ. ಎದ್ದ. ಮುಂದಕ್ಕೆ ಹೋಯಿತು. "ಕೂರು" ಅಂದೆ. ಕೂತ. ಹಿಂದಕ್ಕೆ ಬಂತು. ಆಗ ನಮ್ಮ ಬುದ್ಧಿಗೆ ಬೆಳಕು ಬಿತ್ತು. ಒಬ್ಬರು ಕೂತರೆ ಒಂದು ದೂರ, ಇಬ್ಬರು ಕೂತರೆ ಎರಡು ದೂರ. ನಾವು ನೂರಮೂವತ್ತು ಜನ ಕೂತು ಆಚೆಯೂರನ್ನು ನೂರಮೂವತ್ತು ಪಟ್ಟು ಆಚೆಗೆ ಅಟ್ಟಿದ್ದೆವು. ಹಿರಿಯರು ಆ ಎರಡನೆಯ ಮಾತಿಗೆ ಯಾಕೆ ಕಾರಣ ಹೇಳಲಿಲ್ಲವೋ, ಅವರನ್ನು ಈಗ ಎಲ್ಲಿ ಹುಡುಕಿ ಬೈಯುವುದು?

"ಎಲ್ಲರೂ ಏಳಿ" ಅಂದೆ.

ಹೇಳುವುದು ಸುಲಭ. ಯಾರೂ ಏಳಲಿಲ್ಲ. ತಿಳಿಯದೆ ಅಲ್ಲ, ಎಲ್ಲರಿಗೂ ತಿಳಿದಿತ್ತು. ಆದರೆ ಅವನಿಗಾಗಿ ಕೂತವರು ಗಂಟೆ ಬಾರಿಸುವ ಮೊದಲೇ ಏಳುವುದೆಂದರೆ ಹೇಗೆ? ಅವನು ಒಂದು ದಿನವೂ ಹಾಗೆ ಎದ್ದವನಲ್ಲ. ಜ್ವರದಲ್ಲಿ ಕೂತಿದ್ದ, ಮಳೆಯಲ್ಲಿ ಗೋಣಿ ಹೊದ್ದು ಕೂತಿದ್ದ. ಕುಂಬಾರ, "ಬೇರೆಯವರು ಏಳಲಿ, ನಾನೊಬ್ಬ ಇರ್ತೀನಿ" ಅಂದ. ನೇಯುವವಳೂ ಅದನ್ನೇ ಅಂದಳು. ನೂರಮೂವತ್ತು ಜನರೂ ಅದನ್ನೇ ಅಂದರು. ಪ್ರೀತಿಯಲ್ಲಿ ಇಂಥ ಹಟ ಇರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಸೂರ್ಯ ಮಾತ್ರ ಯಾರ ಹಟಕ್ಕೂ ನಿಲ್ಲದೆ ಇಳಿಯುತ್ತಿದ್ದ.

ಕೊನೆಗೆ ನೇಯುವವಳೇ ಎದ್ದಳು. ಕಲ್ಲು ಮುಟ್ಟಿ, "ಹೋಗಿ ಬಾರಪ್ಪ" ಅಂದಳು. ನೆರಳು ಮುಂದಕ್ಕೆ ಹೋಯಿತು. ಕುಂಬಾರ ಎದ್ದ, ಕಲ್ಲು ಮುಟ್ಟಿ, ಹೋಗಿ ಬಾ ಅಂದ. ನೆರಳು ಮುಂದಕ್ಕೆ ಹೋಯಿತು. ಸೂಲಗಿತ್ತಿ ಎದ್ದಳು, ಹೋಗಿ ಬಾ ಮಗ ಅಂದಳು. ನೆರಳು ಮುಂದಕ್ಕೆ ಹೋಯಿತು. ಒಬ್ಬೊಬ್ಬರೇ ಎದ್ದರು, ಒಬ್ಬೊಬ್ಬರೇ ಕಲ್ಲು ಮುಟ್ಟಿದರು. ನೆರಳು ಕೆರೆ ದಾಟಿತು, ಗದ್ದೆ ದಾಟಿತು. ಹತ್ತು ಜನ ಉಳಿದಾಗ ವಿಮಾನ ಗುಡ್ಡದ ನೆತ್ತಿಯ ಮೇಲೆ ಚುಕ್ಕೆಯಷ್ಟಿತ್ತು. ಐದು ಜನ ಉಳಿದಾಗ ಕಾಣಿಸಲಿಲ್ಲ. ಮೂರನೆಯ ಜಾವ ಮುಗಿಯುವ ಹೊತ್ತಿಗೆ ಕಟ್ಟೆಯ ಮೇಲೆ ನಾನೊಬ್ಬಳೇ. ಮಾತು ಕೊಟ್ಟವಳು ನೀನು, ಕೊನೆಯವರೆಗೆ ನೀನೇ ಇರಬೇಕು ಎಂದು ಎಲ್ಲರೂ ಒಪ್ಪಿದ್ದರು.

ಇನ್ನೇನು ಬಾರಿಸುತ್ತದೆ ಎಂದು ಊರೆಲ್ಲ ಗಂಟೆಯ ಕಡೆ ತಿರುಗಿ ನಿಂತಿತು. ಒಬ್ಬರಿಗೆ ಎರಡು ಜಾವ ಸಾಕು, ಮೂರು ಜಾವ ಕಳೆದಿದೆ. ನಾನೊಬ್ಬಳೇ ಕೂತಿದ್ದೇನೆ. ಅವನು ಯಾವಾಗಲೋ ಇಳಿದಿರಬೇಕಿತ್ತು.

ಗಂಟೆ ಬಾರಿಸಲಿಲ್ಲ.

"ಯಾರೋ ಇನ್ನೂ ಕೂತಿದ್ದಾರೆ" ಅಂದ ಕುಂಬಾರ. ಊರೆಲ್ಲ ಹುಡುಕಿದರು. ಮನೆ ಮನೆಗೆ ಹೋಗಿ ಕರೆದು ತಂದರು, ಬಯಲಲ್ಲಿ ಸಾಲಾಗಿ ನಿಲ್ಲಿಸಿದರು, ಗಂಟೆಯವನು ಎಣಿಸಿದ. ತೊಟ್ಟಿಲ ಕೂಸೊಂದು ಮಲಗಿತ್ತು, ಉಳಿದವರೆಲ್ಲ ನಿಂತಿದ್ದರು. ಇನ್ನು ಹುಡುಕುವುದಕ್ಕೆ ಯಾರೂ ಇರಲಿಲ್ಲ.

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಗಂಟೆ ಬಾರಿಸಿಲ್ಲವೆಂದರೆ ನನ್ನ ಹೊರತು ಇನ್ನೊಬ್ಬರು ಇದ್ದಾರೆ. ಈ ಊರಲ್ಲಿ ಇಲ್ಲ, ಹಾಗಾದರೆ ಆ ಊರಲ್ಲಿದ್ದಾರೆ. ಅವಳೂ ಇಲ್ಲೇ ಹುಟ್ಟಿದವಳು, ಈ ಮಾತು ಬಲ್ಲವಳು. ತಮ್ಮ ಬರುತ್ತಾನೋ ಇಲ್ಲವೋ, ಅವನಿಗೆ ಕೂರುವವರು ಯಾರಿದ್ದಾರೋ ಇಲ್ಲವೋ ಎಂದು ಬೆಳಿಗ್ಗೆಯೇ ಆಚೆಯೂರಿನ ಕಲ್ಲಿನ ಮೇಲೆ ಬಲಗೈ ಇಟ್ಟಿದ್ದಾಳೆ. ಅವನಿಗೆ ಯಾರೂ ಕೂರುವುದಿಲ್ಲ ಎಂದು ಅವನು ಅಂದುಕೊಂಡಿದ್ದ ಹಾಗೇ ಅವಳೂ ಅಂದುಕೊಂಡಿದ್ದಾಳೆ. ಒಂದೇ ಮನೆಯ ಬುದ್ಧಿಯಲ್ಲವೆ?

"ಅವನ ಅಕ್ಕ ಕೂತಿದ್ದಾಳೆ" ಅಂದೆ.

"ಅಲ್ಲಿ ಕೂತರೆ ಲೆಕ್ಕಕ್ಕೆ ಬರುತ್ತಾ?" ಅಂದಳು ನೇಯುವವಳು.

"ಬಾರದೆ ಏನು? ದೂರಕ್ಕೆ ಅದೂ ಒಂದು ತುದಿ ತಾನೆ?"

ಇಬ್ಬರು ಕೂತರೆ ನಾಲ್ಕು ಜಾವ. ಬೆಳಿಗ್ಗೆ ಹೊರಟದ್ದೇ ಸೂರ್ಯ ಮಾರುದ್ದ ಏರಿದ ಮೇಲೆ, ನಾಲ್ಕು ಜಾವ ತುಂಬುವುದು ಸೂರ್ಯ ಮುಳುಗಿದ ಮೇಲೆ. ನಾನು ಹೀಗೇ ಸುಮ್ಮನೆ ಕೂತರೆ ಅವನು ಸುಖವಾಗಿ ತಲುಪುತ್ತಾನೆ, ಕತ್ತಲೆಗೆ ತಲುಪುತ್ತಾನೆ. ಅಕ್ಕನ ಕಣ್ಣಿನ ಮುಂದೆ ನಿಂತಿರುತ್ತಾನೆ, ಅಕ್ಕನಿಗೆ ಕಾಣುವುದಿಲ್ಲ.

"ನಾನು ಏಳ್ತೀನಿ" ಅಂದೆ.

ಗಂಟೆಯವನು ಕೋಲು ಅಡ್ಡ ಹಿಡಿದ. "ಅದು ಅವಳಲ್ಲದೇ ಇದ್ದರೆ? ಅಲ್ಲಿ ಯಾರೂ ಇಲ್ಲದೇ ಇದ್ದರೆ? ನಿನ್ನ ಲೆಕ್ಕ ತಪ್ಪಿದ್ದರೆ ಅವನು ನಡು ಆಕಾಶದಿಂದ ಬೀಳ್ತಾನೆ ತಾಯೀ. ನಾನೆದ್ದಾಗ ನೂರು ಜನ ಇದ್ದಿರಿ. ನೀನೆದ್ದರೆ ಯಾರೂ ಇಲ್ಲ."

"ಮುಖ ಕಾಣದಿದ್ದರೆ ಧ್ವನಿ ಕೇಳ್ತಾಳೆ" ಅಂದಳು ಸೂಲಗಿತ್ತಿ. "ಕೈ ಹಿಡ್ಕೋತಾಳೆ, ಮುಖ ಸವರ್ತಾಳೆ. ಜೀವಕ್ಕಿಂತ ದೊಡ್ಡದಾ ಅದು? ನೀನು ಕೂರು."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಕೂರಲು ನನಗೂ ಆಸೆಯಿತ್ತು. ಹೆದರಿಕೆಯಿಂದ ಮಾತ್ರ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಮೇಲೆ ಅವನ ಹೊತ್ತು ನನ್ನ ಕೈಗೆ ಬಂದಿತ್ತು. ನಾನು ಕೂತಿರುವಷ್ಟು ಹೊತ್ತು ಅವನು ನನ್ನವನು. ಎದ್ದರೆ ಅವನು ಪೂರಾ ಅವಳ ಕೈಗೆ ಹೋಗುತ್ತಾನೆ, ನಾನು ಬರೀ ಮಜ್ಜಿಗೆಯವಳು. ಇಂಥ ಹೊತ್ತಿನಲ್ಲಿ ಇಂಥ ಯೋಚನೆ ಬರುತ್ತದೆಯೆ ಎಂದು ನೀವು ಕೇಳಬಹುದು. ಬರುತ್ತದೆ. ನಾಚಿಕೆಯಾಯಿತು, ಆದರೂ ಬಂತು.

ನಾಲ್ಕನೆಯ ಜಾವ ಅರ್ಧಕ್ಕೆ ಬಂತು. ಹುಣಸೆಮರದ ನೆರಳು ಉದ್ದವಾಗಿ ಕಟ್ಟೆಯನ್ನು ದಾಟಿ ಹೋಯಿತು. ಅಲ್ಲೂ ಇದೇ ಬಿಸಿಲು ಎಂದುಕೊಂಡೆ. ಅವಳು ಈಗ ಆಕಾಶ ನೋಡುತ್ತಿದ್ದಾಳೆ. ಕೊನೆಯ ಹಗಲಿನ ಕಣ್ಣನ್ನು ಬೇರೆ ಯಾವುದಕ್ಕೂ ಖರ್ಚು ಮಾಡದೆ, ಗಿಡ ನೋಡದೆ, ಮನೆ ನೋಡದೆ, ಬೆಳಿಗ್ಗೆಯಿಂದ ಬರೀ ಖಾಲಿ ಆಕಾಶ ನೋಡುತ್ತಿದ್ದಾಳೆ. ಅಷ್ಟು ಹೊತ್ತಾದರೂ ಎದ್ದಿಲ್ಲ. ಎದ್ದಿದ್ದರೆ ಗಂಟೆ ಬಾರಿಸಿರುತ್ತಿತ್ತು. ಹೀಗೆ ಕೂತವಳನ್ನು ನಂಬದೆ ಇನ್ನು ಯಾರನ್ನು ನಂಬಲಿ?

ಕಲ್ಲಿನ ಮೇಲೆ ಬಲಗೈ ಇಟ್ಟೆ. "ನಿನ್ನ ಹೊತ್ತು ನಿನ್ನ ಅಕ್ಕನಿಗಿರಲಿ" ಅಂದೆ.

ಎದ್ದು ನಿಂತೆ.

ನೇಯುವವಳು ನನ್ನ ತೋಳು ಹಿಡಿದುಕೊಂಡಳು, ಅವಳ ಉಗುರು ನನ್ನ ತೋಳಿಗೆ ಇಳಿಯಿತು. ಒಂದು ಕಾಗೆ ಮರದಿಂದ ಮರಕ್ಕೆ ಹೋಯಿತು. ನಾನು ಮಾಡಬಾರದ್ದು ಮಾಡಿಬಿಟ್ಟೆ, ಅವನನ್ನು ಕೊಂದುಬಿಟ್ಟೆ ಅಂದುಕೊಂಡೆ.

ಗಂಟೆ ಬಾರಿಸಿತು.

"ತಲುಪಿದ" ಎಂದು ಗಂಟೆಯವನು ಕೂಗಿದ. ಊರಿಗೆಲ್ಲ ಕೇಳುವ ಹಾಗೆ ಕೂಗಬೇಕೆಂದೇ ಹೊರಟ, ಧ್ವನಿ ಅರ್ಧದಲ್ಲೇ ಒಡೆಯಿತು. ಕೇಳಬೇಕಾದವರೆಲ್ಲ ಅಲ್ಲೇ ನಿಂತಿದ್ದರಲ್ಲ, ನಡೆಯಿತು. ಸೂರ್ಯ ಇನ್ನೂ ಗುಡ್ಡಕ್ಕಿಂತ ಎರಡು ಆಳು ಮೇಲಿದ್ದ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು, ಹುಳಿಯಾಗಿಹೋಗಿದ್ದ ಮಜ್ಜಿಗೆಯನ್ನೇ ಎಲ್ಲರಿಗೂ ಹಂಚಿದೆ. ಯಾರೂ ಮುಖ ಸಿಂಡರಿಸಲಿಲ್ಲ.

ಒಂಬತ್ತನೆಯ ದಿನ ಅವನು ವಾಪಸು ಬಂದ. ಬೆಳಿಗ್ಗೆ ಅಲ್ಲಿಂದ ಹೊರಟವನು ಸರಿಯಾಗಿ ಸೂರ್ಯ ನೆತ್ತಿಗೆ ಬರುವಾಗ ಇಳಿದ. ಊರವರು ಸುತ್ತ ನೆರೆದು ಮಾತಾಡಿಸಿ, ಮುಟ್ಟಿ ನೋಡಿ, ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನು ಬಂದು ಕಟ್ಟೆಯ ಮೇಲೆ ಕೂತ. ನಾನು ಲೋಟ ಕೊಟ್ಟೆ.

"ನೋಡಿದರಾ?" ಅಂದೆ.

"ನೋಡಿದಳು. ಸೂರ್ಯ ಇಳಿಯೋ ತನಕ ನೋಡಿದಳು, ಕಣ್ಣು ಮಿಟುಕಿಸೋಕೂ ಜಿಪುಣತನ ಮಾಡಿದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ, ನನಗೊಂದು ಮಾತು ಹೇಳದೆ ಬೆಳ್ಳಗೆ ಮಾಡ್ಕೊಂಡಿದ್ದೀಯಲ್ಲ ಅಂತ ಬೈದಳು." ಅವನು ಕಿವಿಯ ಹತ್ತಿರ ಕೈ ಆಡಿಸಿಕೊಂಡ. "ಆಮೇಲೆ ಕತ್ತಲಾಯ್ತು."

"ಬರೋದಕ್ಕೆ ಯಾರು ಕೂತರು?"

"ಅವಳೇ. ಕೂರೋಕೆ ಕಣ್ಣು ಯಾಕೆ ಬೇಕು ಅಂದಳು."

ಮಜ್ಜಿಗೆ ಕುಡಿದು ಲೋಟ ಪಕ್ಕಕ್ಕಿಟ್ಟ. ಹಾರುವವರಿಗೆ ಹೊತ್ತು ತಿಳಿಯುವುದಿಲ್ಲ ನಿಜ, ಆದರೆ ಮೂವತ್ತು ವರ್ಷ ಕೂತವನಿಗೆ ಲೆಕ್ಕ ತಿಳಿಯದೆ ಇರುತ್ತದೆಯೆ? "ಬೆಳಿಗ್ಗೆ ಕಣ್ಣು ಮುಚ್ಚಿದೆ, ತೆರೆದರೆ ಇಳಿಬಿಸಿಲು" ಅಂದ. "ಎಷ್ಟು ಜನ ಕೂತಿದ್ರಿ?"

"ಯಾರು ಎಣಿಸ್ತಾರೆ."

"ಎಲ್ಲರೂ ಎದ್ದರಾ?"

"ಎದ್ದರು."

"ಕೊನೆಗೆ ಎದ್ದಿದ್ದು ನೀನಾ?"

ನಾನು ಹೂಂ ಅಂದೆ. ಯಾರೂ ಇಲ್ಲದ ಕಟ್ಟೆಯಿಂದ ಏಳುವುದೆಂದರೆ ಏನು ಎಂದು ನಮ್ಮೂರಲ್ಲಿ ಗೊತ್ತಿದ್ದವನು ಅವನೊಬ್ಬನೇ.

"ಅಷ್ಟು ಹೊತ್ತು ಕೂತು ಎದ್ದಿದ್ದೀಯ, ಮಂಡಿ ನೋವಾಯ್ತಾ?" ಅಂದ.

"ಮಂಡಿಯಲ್ಲ" ಅಂದೆ.

ಅವನು ಪಕ್ಕಕ್ಕೆ ಸರಿದು, ತನ್ನ ನುಣುಪಾದ ಜಾಗವನ್ನು ಅಂಗೈಯಲ್ಲಿ ಒರೆಸಿ ನನಗೆ ಬಿಟ್ಟುಕೊಟ್ಟ. ಆ ಹೊತ್ತಿಗೆ ಯಾರೂ ಎಲ್ಲಿಗೂ ಹೊರಟಿರಲಿಲ್ಲ, ಯಾರ ದೂರವೂ ನಮ್ಮಿಂದ ಹೆಚ್ಚುವಂತಿರಲಿಲ್ಲ. ಇಬ್ಬರೂ ಕೂತೆವು.